ಸರಿಯುವುದು ಸೋಲೇ?

ಕುಸ್ತಿ ನೋಡಿ ಬೆಳೆದ ನಮ್ಮ ಊರಿನವರಿಗೆ ಒಂದು ವಿಷಯ ಖಚಿತ: ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಪುಣೆಗೆ ಬಂದ ಮೇಲೆ ನಾನು ಕಲಿಯತೊಡಗಿದ ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಬಹಳಷ್ಟು ಆಟ ಅಲ್ಲಿಂದಲೇ ಶುರುವಾಗುತ್ತದೆ.

ಅಲ್ಲಿ ಮೊದಮೊದಲು ಕಲಿಸುವ ಚಲನೆಗಳಲ್ಲಿ 'ಶ್ರಿಂಪಿಂಗ್' ಒಂದು. ಜೂಡೋದವರು ಇದನ್ನು 'ಎಬಿ' ಅನ್ನುತ್ತಾರೆ, ಜಪಾನಿ ಭಾಷೆಯಲ್ಲಿ ಸಿಗಡಿ. ಅಂಗಾತ ಬಿದ್ದಿದ್ದೀರಿ, ಎದುರಾಳಿ ಮೇಲಿದ್ದಾನೆ ಅಂದುಕೊಳ್ಳಿ. ಒಂದು ಮಗ್ಗುಲಿಗೆ ಹೊರಳಿ, ಪಾದ ಊರಿ, ಸೊಂಟವನ್ನು ಹಿಂದಕ್ಕೆ ಜಾರಿಸಬೇಕು. ಮುಂದೋಳುಗಳು ಅವನ ಕುತ್ತಿಗೆಗೂ ಸೊಂಟಕ್ಕೂ ಆನಿಕೊಂಡಿರುತ್ತವೆ, ಅವನನ್ನು ಎತ್ತಿ ಎಸೆಯಲಿಕ್ಕಲ್ಲ, ಸಿಕ್ಕ ಜಾಗ ಮತ್ತೆ ಮುಚ್ಚದಿರಲಿಕ್ಕೆ. ಆ ಜಾಗದೊಳಗೆ ಮೊಣಕಾಲು ತೂರಿಸಿದರೆ ಆಟ ಮತ್ತೆ ನಿಮ್ಮದೂ ಆಗುತ್ತದೆ. ತೋಳು ಚಾಚಿ ಅವನನ್ನೇ ತಳ್ಳಲು ಹೋದರೆ ಬೇಗ ಸುಸ್ತಾಗುತ್ತದೆ, ಚಾಚಿದ ತೋಳೂ ಅವನ ಪಟ್ಟಿಗೆ ಸಿಗುತ್ತದೆ.

ನನ್ನ ಪ್ರಶ್ನೆ ಇದು: ಒತ್ತುವವನನ್ನು ಸರಿಸದೆ ತಾನೇ ಸರಿಯುವುದು ಹೇಡಿತನವಲ್ಲವೇ?

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತೇವಲ್ಲ, ಆ ಜಟ್ಟಿ ಈ ಚಲನೆ ಕಲಿಯಲಾರ. ಕೆಳಗಿದ್ದೇನೆ ಎಂದು ಒಪ್ಪಿದವನಿಗೆ ಮಾತ್ರ ಮುಂದಿನ ಹೆಜ್ಜೆ ಕಾಣುತ್ತದೆ. 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಹೀಲಿಯೊ ಗ್ರೇಸಿ ಜಪಾನಿನ ಮಸಾಹಿಕೊ ಕಿಮುರಾಗೆ ಸೋತರು. ಅವರನ್ನು ಸೋಲಿಸಿದ ತೋಳಿನ ಪಟ್ಟನ್ನು ಜಿಯು-ಜಿಟ್ಸುವಿನವರು ಇಂದಿಗೂ 'ಕಿಮುರಾ' ಎಂದೇ ಕರೆಯುತ್ತಾರೆ.

ಆದರೆ ಒಪ್ಪುವುದು ಬೇರೆ, ಓಡುವುದು ಬೇರೆ. ಈ ಚಲನೆಯಲ್ಲಿ ಸೊಂಟ ದೂರ ಹೋಗುತ್ತದೆ, ಮುಖ ಎದುರಾಳಿಯ ಕಡೆಗೇ ಇರುತ್ತದೆ. ಗಾಬರಿಯಿಂದ ಬೆನ್ನು ತಿರುಗಿಸಿದವನ ಕತ್ತು ಹಿಂದಿನಿಂದ ಸಿಕ್ಕಿಬೀಳುತ್ತದೆ. ಇಲ್ಲಿ ದೂರ ಸರಿಯುವುದು ಮತ್ತೆ ಎದುರಿಸಲಿಕ್ಕೆ.

ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ, "ಹೊಲಾ ಯಾರು ನೋಡ್ಕೋಬೇಕೋ ತಮ್ಮಾ, ಬಂದಬಿಡು." ಅಪ್ಪ ಎದುರಾಳಿಯಲ್ಲ, ಆದರೆ ಪ್ರೀತಿಗೂ ತೂಕವಿದೆ. ಜಗಳ ಮಾಡಿ ತಳ್ಳಬಹುದು. ಫೋನ್ ಎತ್ತದೆ ಬೆನ್ನು ತಿರುಗಿಸಬಹುದು. ನಾನು ಬಿತ್ತಿಗೆಗೆ ಒಂದು ವಾರ, ರಾಶಿಗೆ ಒಂದು ವಾರ ರಜೆ ಹಾಕಿ ಹೋಗುತ್ತೇನೆ. ನೌಕರಿ ಬಿಡುವುದಿಲ್ಲ ಎಂಬುದನ್ನು ಅವರ ಎದುರಿಗೆ ಕೂತೇ ಹೇಳಿದ್ದೇನೆ. ಒತ್ತಾಯ ನಿಂತಿಲ್ಲ. ಆದರೆ ಇಬ್ಬರಿಗೂ ಉಸಿರಾಡುವಷ್ಟು ಜಾಗವಾಗಿದೆ.

ಹಾಗೆಂದು ಇದನ್ನು ಎಲ್ಲರಿಗೂ ಉಪದೇಶ ಮಾಡಲಾರೆ. ಚಾಪೆಯ ಮೇಲೆ ಇಬ್ಬರೂ ಒಪ್ಪಿಯೇ ಇಳಿದಿರುತ್ತಾರೆ. ತಾಳಲಾಗದಿದ್ದರೆ ಅಂಗೈಯಿಂದ ತಟ್ಟಿದರೆ ಸಾಕು, ಮೇಲಿದ್ದವನು ಬಿಡಲೇಬೇಕು. ಜಾತಿಯ ಭಾರ, ಸಾಲದ ಭಾರ, ಗಂಡನ ಮನೆಯ ಭಾರ ಹೊತ್ತವರಿಗೆ ತಟ್ಟುವ ಹಕ್ಕು ಎಲ್ಲಿದೆ? ಅವರಿಗೆ 'ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ' ಅನ್ನುವುದು ಮೇಲಿರುವವನ ಪರವಾಗಿ ಆಡುವ ಮಾತು. ಅಲ್ಲಿ ಮೇಲಿನವನನ್ನು ಎಳೆದು ಇಳಿಸುವುದು ಸುತ್ತ ನಿಂತವರ ಕೆಲಸ.

ಅಡ್ಜಸ್ಟ್ ಆಗುವವನು ಭಾರ ಇನ್ನೂ ಸಲೀಸಾಗಿ ಕೂರುವಂತೆ ಮುದುಡುತ್ತಾನೆ. ಸೊಂಟ ಸರಿಸುವವನು ತನ್ನ ಮೊಣಕಾಲಿಗೆ ಜಾಗ ಮಾಡಿಕೊಳ್ಳುತ್ತಾನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣಬಹುದು. ಸರಿದ ಮೇಲೆ ತನಗೆ ಎಷ್ಟು ಜಾಗ ಸಿಕ್ಕಿತು ಎಂಬುದು ಕೆಳಗಿರುವವನಿಗೆ ಮಾತ್ರ ಗೊತ್ತು.