ರೋಗದ ಕಾರಣ ಮತ್ತು ಕರ್ಮದ ಪ್ರಶ್ನೆ

ಒಂದು ವೈರಾಣು ಮನುಷ್ಯನ ದೇಹವನ್ನು ಹೊಕ್ಕು, ದಶಕಗಳ ಕಾಲ ಯಾವ ಉಪದ್ರವವನ್ನೂ ಕೊಡದೆ ಅಡಗಿದ್ದು, ಕೊನೆಗೆ ಕೆಲವರಲ್ಲಿ ಮಾತ್ರ ಲಿಂಫೋಮಾ ಎಂಬ ಕ್ಯಾನ್ಸರಿಗೆ, ಅಂದರೆ ರೋಗನಿರೋಧಕ ಕಾರ್ಯ ನಡೆಸುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹತೋಟಿ ಮೀರಿ ಬೆಳೆಯುವ ರೋಗಕ್ಕೆ, ಎಡೆಮಾಡಿಕೊಡಬಲ್ಲದು ಎಂಬುದನ್ನು ವೈದ್ಯವಿಜ್ಞಾನ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂಡುಕೊಂಡಿತು. ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿಗೆ ಬಾರದೆ ಹೋಗುವ ರೋಗಕ್ಕೆ ಆ ಸೋಂಕನ್ನೇ ‘ಕಾರಣ’ ಎನ್ನುವುದು ಯಾವ ಅರ್ಥದಲ್ಲಿ ಸರಿ ಎಂಬ ತರ್ಕದ ಪ್ರಶ್ನೆಯನ್ನೂ, ರೋಗ ಬಂದ ಆ ಕೆಲವರು ‘ನನಗೇ ಏಕೆ’ ಎಂದು ಕೇಳಿದಾಗ ಧರ್ಮ ಏನು ಹೇಳಬೇಕು ಎಂಬ ಪ್ರಶ್ನೆಯನ್ನೂ ಈ ಅರಿವು ಒಟ್ಟಿಗೇ ಎತ್ತುತ್ತದೆ.

ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್, ಮಕ್ಕಳ ದವಡೆಯಲ್ಲಿ ಅತಿ ವೇಗವಾಗಿ ಬೆಳೆಯುವ ಗಡ್ಡೆಯೊಂದನ್ನು 1958ರಲ್ಲಿ ವಿವರಿಸಿದರು; ಮುಂದೆ ಅದಕ್ಕೆ ಬರ್ಕಿಟ್ ಲಿಂಫೋಮಾ ಎಂದೇ ಹೆಸರಾಯಿತು. ಮಳೆ ಹೆಚ್ಚಾಗಿ ಬೀಳುವ ಬಿಸಿ ಪ್ರದೇಶಗಳಲ್ಲೇ ಈ ರೋಗ ಕಾಣಿಸಿಕೊಳ್ಳುತ್ತಿದ್ದುದರಿಂದ, ಸೊಳ್ಳೆ ಹರಡುವ ಯಾವುದೋ ವೈರಾಣು ಇದರ ಹಿಂದಿರಬಹುದೆಂಬ ಊಹೆ ಹುಟ್ಟಿತು. 1964ರಲ್ಲಿ ಲಂಡನ್ನಿನಲ್ಲಿ ಆಂಟನಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಈ ಗಡ್ಡೆಯಿಂದ ಬೆಳೆಸಿದ ಜೀವಕೋಶಗಳಲ್ಲಿ ವೈರಾಣುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡರು. ಆದರೆ ಎಪ್‌ಸ್ಟೈನ್-ಬಾರ್ ಎಂಬ ಹೆಸರು ಪಡೆದ ಆ ವೈರಾಣು ಹರಡುವುದು ಎಂಜಲಿನಿಂದಲೇ ಹೊರತು ಸೊಳ್ಳೆಯಿಂದಲ್ಲ. ಮೇಲಾಗಿ, ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಅದು ಜೀವನಪರ್ಯಂತ ನೆಲಸಿರುತ್ತದೆ. ಸೊಳ್ಳೆ ತರುತ್ತಿದ್ದುದು ಬೇರೆಯದನ್ನು, ಅಂದರೆ ಮಲೇರಿಯಾವನ್ನು.

ಕಾರ್ಯಕ್ಕೆ ಮೊದಲು ತಪ್ಪದೆ ಇರುವುದಷ್ಟೇ ಕಾರಣವಾಗಲು ಸಾಲದು, ಅದು ಅನ್ಯಥಾಸಿದ್ಧವೂ ಆಗಿರಬಾರದು, ಎಂದರೆ ಕಾರ್ಯದ ಹುಟ್ಟಿಗೆ ಬೇಡವಾದರೂ ಪಕ್ಕದಲ್ಲಿ ಸುಮ್ಮನೆ ಇದ್ದದ್ದಾಗಿರಬಾರದು ಎಂದು ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಹೇಳುತ್ತದೆ; ಮಡಕೆಗಾಗಿ ಮಣ್ಣು ಹೊತ್ತು ತಂದ ಕತ್ತೆ ಇದಕ್ಕೆ ತಾರ್ಕಿಕರು ಕೊಡುವ ಪ್ರಸಿದ್ಧ ಉದಾಹರಣೆ. ವೈರಾಣು ಇದ್ದ ಕಡೆಯೆಲ್ಲ ರೋಗವಿಲ್ಲದಿರುವುದರಿಂದ ‘ಇದಿದ್ದರೆ ಅದು’ ಎಂಬ ಅನ್ವಯವೂ, ಯೂರೋಪು ಅಮೆರಿಕಗಳಲ್ಲಿ ಕಾಣುವ ಬರ್ಕಿಟ್ ಲಿಂಫೋಮಾದ ಹೆಚ್ಚಿನ ಪ್ರಕರಣಗಳಲ್ಲಿ ವೈರಾಣುವೇ ಇಲ್ಲದಿರುವುದರಿಂದ ‘ಇದಿಲ್ಲದಿದ್ದರೆ ಅದಿಲ್ಲ’ ಎಂಬ ವ್ಯತಿರೇಕವೂ ಇಲ್ಲಿ ಮುರಿದುಬೀಳುತ್ತವೆ. ಹಾಗಾದರೆ ಈ ವೈರಾಣುವೂ ಆ ಕತ್ತೆಯ ಸಾಲಿಗೇ ಸೇರಿದ್ದೇ? ಅಲ್ಲವೆನ್ನಲು ಬಲವಾದ ಆಧಾರಗಳಿವೆ. ಆಫ್ರಿಕದ ಬರ್ಕಿಟ್ ಗಡ್ಡೆಗಳಲ್ಲಿ ಸರಿಸುಮಾರು ಎಲ್ಲವುಗಳ ಜೀವಕೋಶಗಳಲ್ಲೂ ವೈರಾಣುವಿನ ಅನುವಂಶೀಯ ದ್ರವ್ಯ ಸಿಗುತ್ತದೆ. ಉಗಾಂಡದ ವೆಸ್ಟ್ ನೈಲ್ ಪ್ರದೇಶದಲ್ಲಿ 1970ರ ದಶಕದಲ್ಲಿ ಸಾವಿರಾರು ಮಕ್ಕಳ ರಕ್ತವನ್ನು ಮೊದಲೇ ಸಂಗ್ರಹಿಸಿಟ್ಟು ನಡೆಸಿದ ಅಧ್ಯಯನದಲ್ಲಿ, ಮುಂದೆ ಗಡ್ಡೆ ಕಾಣಿಸಿಕೊಂಡ ಮಕ್ಕಳ ರಕ್ತದಲ್ಲಿ ಈ ವೈರಾಣುವಿನ ವಿರುದ್ಧದ ಪ್ರತಿಕಾಯಗಳು ರೋಗಕ್ಕೆ ಬಹಳ ಮುಂಚೆಯೇ ಅಧಿಕವಾಗಿದ್ದುದು ತಿಳಿಯಿತು.

ನ್ಯಾಯದರ್ಶನದ ಇನ್ನೊಂದು ಪರಿಭಾಷೆಯಾದ ‘ಕಾರಣಸಾಮಗ್ರಿ’ ಇಲ್ಲಿ ನೆರವಿಗೆ ಬರುತ್ತದೆ. ಯಾವ ಕಾರಣವೂ ಒಂಟಿಯಾಗಿ ಕಾರ್ಯವನ್ನು ಹುಟ್ಟಿಸದು. ಬೇಕಾದುದೆಲ್ಲ ಒಂದೆಡೆ ಕೂಡಿಬಂದಾಗಲೇ ಕಾರ್ಯ ಹುಟ್ಟುತ್ತದೆ, ಆ ಕೂಟವೇ ಸಾಮಗ್ರಿ. ಮತ್ತೆ ಮತ್ತೆ ಬರುವ ಮಲೇರಿಯಾ ಮಗುವಿನ ಬಿ-ಲಿಂಫೋಸೈಟ್‌ಗಳನ್ನು ಎಡೆಬಿಡದೆ ವೃದ್ಧಿಸುವಂತೆ ಪ್ರಚೋದಿಸುತ್ತದೆ, ವೈರಾಣುವನ್ನು ಅಂಕೆಯಲ್ಲಿಡುವ ಟಿ-ಕಣಗಳೆಂಬ ಇನ್ನೊಂದು ಬಗೆಯ ಲಿಂಫೋಸೈಟ್‌ಗಳ ಕಾವಲನ್ನು ಸಡಿಲಿಸುತ್ತದೆ. ಪ್ರತಿಕಾಯಗಳನ್ನು ರೂಪಿಸಲು ಬಿ-ಕಣಗಳು ತಮ್ಮ ಜೀನುಗಳನ್ನು ಕತ್ತರಿಸಿ ಜೋಡಿಸುವಾಗ ಎಂದೋ ಒಮ್ಮೆ ತಪ್ಪು ಘಟಿಸಿ, 8ನೆಯ ವರ್ಣತಂತುವಿನಲ್ಲಿರುವ ‘ಮಿಕ್’ ಎಂಬ ವೃದ್ಧಿಕಾರಕ ಜೀನು ಸಾಮಾನ್ಯವಾಗಿ 14ನೆಯ ವರ್ಣತಂತುವಿಗೆ ಹೋಗಿ ಸೇರುತ್ತದೆ. ಇಂಥ ಕೆಟ್ಟ ಕಣ ಸಹಜವಾಗಿ ಸಾಯಬೇಕಾಗಿದ್ದರೂ ವೈರಾಣು ಅದನ್ನು ಸಾಯಗೊಡುವುದಿಲ್ಲ. ಈ ಸರಣಿಯಲ್ಲಿ ಜೀನು ಸ್ಥಳ ತಪ್ಪಿದ ಆ ಒಂದು ಕ್ಷಣಕ್ಕೆ ಆಕಸ್ಮಿಕವೆನ್ನದೆ ಬೇರೆ ಹೆಸರಿಲ್ಲ. ಶ್ವೇತಾಶ್ವತರ ಉಪನಿಷತ್ತು ಜಗತ್ಕಾರಣವನ್ನು ಕುರಿತು ವಿಚಾರ ಮಾಡುವಾಗ ಕಾಲ, ಸ್ವಭಾವ, ನಿಯತಿಗಳ ಜೊತೆಗೆ ಯದೃಚ್ಛೆಯನ್ನೂ, ಅಂದರೆ ಆಕಸ್ಮಿಕವನ್ನೂ, ಪರಿಶೀಲಿಸಬೇಕಾದ ಒಂದು ಪಕ್ಷವಾಗಿ ಹೆಸರಿಸಿದೆ.

ವ್ಯತಿರೇಕ ಬಹು ಸ್ಪಷ್ಟವಾಗಿ ಕೈಗೆ ಸಿಕ್ಕಿದ್ದು ಹೆಪಟೈಟಿಸ್ ಸಿ ವೈರಾಣುವಿನ ಸಂದರ್ಭದಲ್ಲಿ. ಗುಲ್ಮದಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ಲಿಂಫೋಮಾ ಇದ್ದು, ಜೊತೆಗೆ ಈ ಸೋಂಕೂ ಇದ್ದ 9 ರೋಗಿಗಳಿಗೆ ವೈರಾಣುವನ್ನು ಕೊಲ್ಲುವ ಇಂಟರ್‌ಫೆರಾನ್ ಕೊಟ್ಟಾಗ, ರಕ್ತದಿಂದ ವೈರಾಣು ಮರೆಯಾದ 7 ಮಂದಿಯಲ್ಲಿ ಲಿಂಫೋಮಾವೂ ಮರೆಯಾಯಿತೆಂದು ಫ್ರಾನ್ಸಿನ ವೈದ್ಯರು 2002ರಲ್ಲಿ ಪ್ರಕಟಿಸಿದರು. ಅದೇ ಲಿಂಫೋಮಾ ಇದ್ದೂ ಸೋಂಕಿಲ್ಲದ 6 ಮಂದಿಯಲ್ಲಿ ಅದೇ ಔಷಧ ಫಲ ಕೊಡಲಿಲ್ಲ. ಗುಣವಾಗಿದ್ದ ಒಬ್ಬರಲ್ಲಿ ವೈರಾಣು ಮರಳಿದಾಗ ರೋಗವೂ ಮರಳಿತು. ಗುಣ ಬಂದದ್ದು ಔಷಧ ನೇರವಾಗಿ ಕ್ಯಾನ್ಸರಿನ ಮೇಲೆ ನಡೆಸಿದ ಕ್ರಿಯೆಯಿಂದಲೇ ಇರಬಹುದೆಂಬ ಶಂಕೆಯನ್ನು ಆ 6 ಮಂದಿಯ ಫಲಿತಾಂಶ ಬಹುಮಟ್ಟಿಗೆ ನಿವಾರಿಸುತ್ತದೆ.

ಇಷ್ಟು ವಿಚಾರ ಮಾಡಿದ ಮೇಲೆ ‘ಯಾವ ಜನ್ಮದ ಪಾಪವೋ’ ಎಂಬ ಮಾತನ್ನು ಪರೀಕ್ಷೆಗೆ ಒಡ್ಡಬೇಕು. ಒಂದೊಂದು ರೋಗಕ್ಕೆ ಒಂದೊಂದು ಪೂರ್ವಪಾಪವನ್ನು ಹೊಂದಿಸಿ ಹೇಳುವ ಕರ್ಮವಿಪಾಕ ಗ್ರಂಥಗಳ ಪರಂಪರೆ ಭಾರತದಲ್ಲಿ ಇದೆ. ಆದರೆ ಅದೊಂದೇ ಇಲ್ಲಿಯ ಧಾರ್ಮಿಕ ಚಿಂತನೆಯ ದನಿಯಲ್ಲ. ಸಂಯುತ್ತನಿಕಾಯದಲ್ಲಿ ಮೋಳಿಯಸೀವಕನೆಂಬ ಪರಿವ್ರಾಜಕನಿಗೆ ಉತ್ತರಿಸುತ್ತ ಬುದ್ಧನು, ಪಿತ್ತ, ಕಫ, ವಾತ, ಋತುಗಳ ಬದಲಾವಣೆ ಮೊದಲಾದವುಗಳಿಂದಲೂ ನೋವು ಹುಟ್ಟುತ್ತದೆ, ಕರ್ಮವು ಅಂಥ ಎಂಟರಲ್ಲಿ ಒಂದು ಮಾತ್ರ, ಎಲ್ಲ ನೋವನ್ನೂ ಹಿಂದೆ ಮಾಡಿದ್ದರ ಫಲವೆನ್ನುವವರು ತಿಳಿದದ್ದನ್ನು ಮೀರಿ ಮಾತನಾಡುತ್ತಾರೆ ಎನ್ನುತ್ತಾನೆ. ಹೆಪಟೈಟಿಸ್ ಸಿ ಹರಡಿದ ಒಂದು ಬಗೆಯನ್ನೇ ಇದಕ್ಕೆ ನಿದರ್ಶನವಾಗಿ ನೋಡಬಹುದು. ಈಜಿಪ್ಟಿನಲ್ಲಿ 1950ರ ದಶಕದಿಂದ ಮುಂದೆ ಹಲವು ವರ್ಷ ಶಿಸ್ಟೊಸೋಮಿಯಾಸಿಸ್ ಎಂಬ ಪರೋಪಜೀವಿ ರೋಗವನ್ನು ತಡೆಯಲು ಸರ್ಕಾರವೇ ಹಳ್ಳಿಹಳ್ಳಿಗಳಲ್ಲಿ ಚುಚ್ಚುಮದ್ದು ಹಾಕಿಸಿದಾಗ, ಸರಿಯಾಗಿ ಶುದ್ಧಿಗೊಳಿಸದ ಸೂಜಿಗಳ ಮೂಲಕ ಹೆಪಟೈಟಿಸ್ ಸಿ ವ್ಯಾಪಕವಾಗಿ ಹರಡಿತು. ಅಲ್ಲಿ ಸೋಂಕಿಗೆ ತುತ್ತಾದವರು ಮಾಡಿದ್ದು ಚಿಕಿತ್ಸೆಗಾಗಿ ತೋಳೊಡ್ಡಿದ್ದಷ್ಟೆ. ಅದನ್ನು ಅವರ ಪಾಪದ ಫಲವೆನ್ನುವುದು ತರ್ಕಕ್ಕೂ ಕರುಣೆಗೂ ಹೊರತಾದ ಮಾತು.

ಇದಕ್ಕಿಂತ ಸೂಕ್ಷ್ಮವಾದ ಸಂಕಟ ಜಪಾನಿನದು. ನೈಋತ್ಯ ಜಪಾನಿನಲ್ಲಿ ಹೆಚ್ಚಾಗಿರುವ ಎಚ್‌ಟಿಎಲ್‌ವಿ-1 ಎಂಬ ವೈರಾಣು ಮುಖ್ಯವಾಗಿ ತಾಯಿಯ ಎದೆಹಾಲಿನ ಮೂಲಕ ಮಗುವಿಗೆ ದಾಟುತ್ತದೆ. ಹಾಗೆ ಸೋಂಕು ಪಡೆದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ, ಅದೂ ಹಲವು ದಶಕಗಳ ಬಳಿಕ, ಟಿ-ಕಣಗಳ ಕ್ಯಾನ್ಸರ್ ಬರುತ್ತದೆ. ನಾಗಸಾಕಿಯಲ್ಲಿ 1987ರಿಂದ ಗರ್ಭಿಣಿಯರ ರಕ್ತ ಪರೀಕ್ಷಿಸಿ, ಸೋಂಕಿದ್ದವರಿಗೆ ಎದೆಹಾಲು ಕೊಡದಿರಲು ಸಲಹೆ ನೀಡಿದ್ದರಿಂದ ಮಕ್ಕಳಿಗೆ ಸೋಂಕು ದಾಟುವ ಪ್ರಮಾಣ ನೂರಕ್ಕೆ ಸುಮಾರು 20ರಿಂದ 3ಕ್ಕಿಂತ ಕೆಳಗಿಳಿಯಿತು. ವಾತ್ಸಲ್ಯದ ಪರಮ ರೂಪವೆಂದು ಹಲವು ಧರ್ಮಗಳು ಕೊಂಡಾಡುವ ಮೊಲೆಹಾಲೇ ಇಲ್ಲಿ ರೋಗದ ದಾರಿ. ಕಾರಣವನ್ನೂ ಅಪರಾಧವನ್ನೂ ಒಂದೇ ಎಂದು ಎಣಿಸುವ ಮನಸ್ಸು ಆ ತಾಯಂದಿರನ್ನು ದೋಷಿಗಳೆಂದೇ ಕಾಣಬೇಕಾಗುತ್ತದೆ. ಕಾರಣವನ್ನು ಸಾಮಗ್ರಿಯ ಒಂದು ಅಂಗವೆಂದು ತಿಳಿದವರಿಗೆ ಅವರು ದೋಷಿಗಳಲ್ಲ, ಸರಣಿಯನ್ನು ಕಡಿಯಬಲ್ಲ ಸ್ಥಾನದಲ್ಲಿ ನಿಂತವರು. ಸಾಮಗ್ರಿಯ ಎಲ್ಲ ಅಂಗಗಳೂ ಮನುಷ್ಯನ ಕೈಗೆ ಎಟಕುವುದಿಲ್ಲ. ಎಟಕುವ ಒಂದನ್ನು ತೆಗೆದರೂ ಕಾರ್ಯ ಹುಟ್ಟದು. ಮನುಷ್ಯನ ಹೊಣೆ ಹಿಂದಿನ ಜನ್ಮದಲ್ಲಿಲ್ಲ, ಈ ತೆಗೆಯುವ ಕೆಲಸದಲ್ಲಿದೆ.

ಕೈಗೆ ಎಟಕುವ ಅಂಥ ಒಂದು ಅಂಗವಾದ ಹೆಪಟೈಟಿಸ್ ಸಿ ಸೋಂಕನ್ನು ಈಗ ಬಾಯಿಯ ಮೂಲಕ ಕೊಡುವ ಮಾತ್ರೆಗಳಿಂದಲೇ, ಸಾಮಾನ್ಯವಾಗಿ ಮೂರು ತಿಂಗಳಲ್ಲಿ, ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯಲ್ಲಿ ಸಂಪೂರ್ಣವಾಗಿ ನಿವಾರಿಸಬಹುದು. ಭಾರತದಲ್ಲಿ 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಈ ಸೋಂಕಿನ ಪರೀಕ್ಷೆಯೂ ಮಾತ್ರೆಯೂ ಉಚಿತವಾಗಿ ಸಿಗುತ್ತವೆ.