ದೊರೆಯ ಅಂಜಿಕೆ, ಪರಿವಾರದ ನಡೆ

‘ಯಥಾ ರಾಜಾ ತಥಾ ಪ್ರಜಾ’ ಎಂಬ ನಾಣ್ನುಡಿಯನ್ನು ಇಂದು ಹೆಚ್ಚಾಗಿ ಜನರನ್ನು ಹಳಿಯಲು ಬಳಸುವುದುಂಟು. ಪ್ರಾಚೀನ ರಾಜನೀತಿಯಲ್ಲಾದರೋ ಇಂಥ ಮಾತಿನ ಗುರಿ ಸಿಂಹಾಸನವೇ. ಅರಸನು ಉದ್ಯೋಗಶೀಲನಾದರೆ ಭೃತ್ಯರೂ, ಎಂದರೆ ಅವನ ಕೈಕೆಳಗಿನ ಅಧಿಕಾರಿವರ್ಗವೂ, ಹಾಗೆಯೇ ಆಗುತ್ತದೆ, ಅವನು ಮೈಮರೆತರೆ ಅವರೂ ಮೈಮರೆಯುತ್ತಾರೆ ಎಂದು ಕೌಟಿಲ್ಯನ ಅರ್ಥಶಾಸ್ತ್ರವು ಎಚ್ಚರಿಸುತ್ತದೆ. ನಾಣ್ನುಡಿ ಬಾಯಿಬಿಟ್ಟು ಹೇಳದ ಸಂಗತಿಯೊಂದು ಇದರಿಂದ ತಿಳಿಯುತ್ತದೆ: ದೊರೆಯ ಗುಣವು ಪ್ರಜೆಯನ್ನು ಮುಟ್ಟುವುದು ನಡುವೆ ನಿಂತ ಪರಿವಾರದ ಮೂಲಕ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆಯ ಬೆಳವಣಿಗೆಯಲ್ಲಿ ಈ ಕ್ರಮ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿಗೆ ಹೋಗಿಬಂದ ಮುಖ್ಯಮಂತ್ರಿಗಳ ಪೈಕಿ ರಾಮಕೃಷ್ಣ ಹೆಗಡೆಯವರು 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದ, ಎಸ್.ಆರ್. ಬೊಮ್ಮಾಯಿಯವರು 1989ರಲ್ಲಿ ಸಂವಿಧಾನದ 356ನೇ ವಿಧಿಯ ಪ್ರಯೋಗದಿಂದ, ವೀರೇಂದ್ರ ಪಾಟೀಲರು 1990ರಲ್ಲಿ ಪಕ್ಷದ ಹೈಕಮಾಂಡಿನ ತೀರ್ಮಾನದಿಂದ ಅಧಿಕಾರ ಬಿಟ್ಟರು. ಆದರೂ ಅಪವಾದವೆಲ್ಲ ಊರಿನ ತಲೆಗೇ ಬಂತು. 1997ರಲ್ಲಿ ಹೊಸ ಜಿಲ್ಲೆ ರಚನೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾಕೇಂದ್ರದಲ್ಲಲ್ಲ, ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಿಕುಠಾರವೆಂಬ ಊರಿಗೆ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದವರು. ಅರಸನ ಹೆಸರು ಹೊತ್ತ ಊರಿಗೆ ಆಳುವವರೇ ಅಂಜಿದ್ದು ವಿಪರ್ಯಾಸವೇ ಸರಿ. ಮೇಲಿನವರ ಅಂಜಿಕೆ ಹೀಗೆ ಸರ್ಕಾರಿ ಕಾರ್ಯಕ್ರಮದ ಸ್ಥಳನಿರ್ಣಯವಾಗಿ ಇಳಿದ ಮೇಲೆ, ಅದನ್ನು ಕಂಡ ಜನರು ನಂಬಿಕೆಯಲ್ಲಿ ಹುರುಳಿರಬಹುದೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. 2013ರಲ್ಲಿ ಇಲ್ಲಿಗೆ ಬಂದು, ಮತ್ತೆ ಮತ್ತೆ ಬಂದ ಸಿದ್ದರಾಮಯ್ಯನವರು ಐದು ವರ್ಷದ ಅವಧಿಯನ್ನು ಪೂರೈಸಿದರು. ಆದರೂ 2022ರ ಡಿಸೆಂಬರಿನಲ್ಲಿ ಬಂದುಹೋದ ಬಸವರಾಜ ಬೊಮ್ಮಾಯಿಯವರ ಪಕ್ಷವು ಮರುವರ್ಷ ಸೋತೊಡನೆ ಹಳೆಯ ಮಾತಿಗೆ ಮತ್ತೆ ಜೀವ ಬಂತು. ಭಯ ಹರಡುವಷ್ಟು ಬೇಗ ಧೈರ್ಯ ಹರಡುವುದಿಲ್ಲವೆಂದೇ ಇದರಿಂದ ಹೇಳಬೇಕಾಗುತ್ತದೆ.

ಅದೇ ಜಿಲ್ಲೆಯ ಗುಂಡ್ಲುಪೇಟೆಯವರಾದ ಅಬ್ದುಲ್ ನಜೀರ್ ಸಾಬ್ ಅವರದು ಬೇರೆಯೇ ಬಗೆ. ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಬರಗಾಲದ ದಿನಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸುವುದನ್ನೇ ಹಟವಾಗಿ ಹಿಡಿದದ್ದರಿಂದ ಇಡೀ ಇಲಾಖೆ ಆ ಕೆಲಸದ ಹಿಂದೆ ಓಡಬೇಕಾಯಿತು. ಕೈಪಂಪಿನಡಿ ಕೊಡವಿಟ್ಟ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಆದರೆ ಒಬ್ಬ ಸಚಿವನ ಹಟ ಅವನಿರುವತನಕವಷ್ಟೇ ನಡೆಯುವಂಥದು. ಅದನ್ನು ಮೀರಿ ಉಳಿಯಬಲ್ಲದ್ದು ಕಾಯಿದೆ. ಅವರು ಶ್ರಮವಹಿಸಿ ತಂದ 1983ರ ಪಂಚಾಯಿತಿ ಕಾಯಿದೆಯು ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೂ, ಕೆಲವು ಹಳ್ಳಿಗಳ ಗುಂಪಿಗೆ ಒಂದರಂತಿದ್ದ ಮಂಡಲ ಪಂಚಾಯಿತಿಗೂ ಒಪ್ಪಿಸಿತು, ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಕಾಯ್ದಿರಿಸಿ 1987ರಲ್ಲಿ ಚುನಾವಣೆ ನಡೆಯಿತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಕಾಯಿದೆ ಇದ್ದರೂ 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಸರ್ಕಾರವು ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು.