ತೆರೆದ ಮುರಿತವೂ ದೈವ–ಪುರುಷಕಾರಗಳ ಪ್ರಶ್ನೆಯೂ

ಭುಜದಿಂದ ಮೊಣಕೈವರೆಗಿನ ಮೇಲ್ತೋಳಿನ ಮೂಳೆ ಮುರಿದು, ಆ ಮುರಿತಕ್ಕೂ ಹೊರಗಿನ ಗಾಳಿಗೂ ನಡುವೆ ಚರ್ಮದ ತಡೆ ಇಲ್ಲದಂತಾದರೆ ಅದನ್ನು ವೈದ್ಯರು ತೆರೆದ ಮುರಿತ ಎನ್ನುತ್ತಾರೆ. ಮೂಳೆಯ ತುದಿ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಮೇಲಿನ ಚಿಕ್ಕ ಗಾಯವೊಂದು ಒಳಗಿನ ಮುರಿತವನ್ನು ಮುಟ್ಟಿದ್ದರೂ ಸಾಕು. ಇಂಥ ಆಪತ್ತು ಬಂದಾಗ ಹೈದರಾಬಾದಿನ ಮನೆಗಳಲ್ಲಿ, ಅವು ತೆಲುಗರದಾಗಲಿ, ದಖನಿ ಉರ್ದುವಿನವರದಾಗಲಿ, ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ನೆಲೆಸಿದ ಕನ್ನಡಿಗರದಾಗಲಿ, ಪ್ರಾರಬ್ಧ, ತಲರಾತ, ತಕ್ದೀರ್ ಎಂಬ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ನೊಂದವರಿಗೆ ಆ ಮಾತಿನಿಂದ ಸಮಾಧಾನ ಸಿಗುವುದು ನಿಜ. ಆದರೆ ಆದದ್ದೆಲ್ಲ ಮೊದಲೇ ಬರೆದದ್ದಾದರೆ ಚಿಕಿತ್ಸೆಗೆ ಓಡುವುದು ಆ ಬರಹವನ್ನು ಮೀರುವ ಯತ್ನವೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಏಳುತ್ತದೆ.

ಈ ಪ್ರಶ್ನೆಯನ್ನು ವೈದ್ಯಶಾಸ್ತ್ರವೇ ನೇರವಾಗಿ ಎತ್ತಿಕೊಂಡಿರುವುದು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ. ಮನುಷ್ಯನ ಆಯುಸ್ಸು ನಿಯತವೋ ಅನಿಯತವೋ ಎಂದು ಅಗ್ನಿವೇಶ ಕೇಳಿದಾಗ ಗುರು ಆತ್ರೇಯನು, ಹಿಂದಿನ ಜನ್ಮದ ಕರ್ಮವಾದ ದೈವ ಮತ್ತು ಈ ಜನ್ಮದ ಪ್ರಯತ್ನವಾದ ಪುರುಷಕಾರ ಎಂಬ ಎರಡು ಬಲಗಳನ್ನು ಹೇಳಿ, ಅವುಗಳಲ್ಲಿ ಪ್ರಬಲವಾದದ್ದು ದುರ್ಬಲವಾದದ್ದನ್ನು ತಡೆಯುತ್ತದೆ ಎನ್ನುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಮೈಮೇಲೆ ಬರುವ ಆನೆಯಿಂದ ದೂರ ಸರಿಯುವ ಅಗತ್ಯವೇ ಇರುತ್ತಿರಲಿಲ್ಲವೆಂಬುದು ಅವನ ವಾದ. ಗಟ್ಟಿಯಾದ ಗಾಡಿಯ ಅಚ್ಚು ತನ್ನ ಕಾಲವಿರುವಷ್ಟು ಬಾಳುತ್ತದೆ, ಹೊರೆ ಮಿತಿಮೀರಿದರೆ ಅಥವಾ ದಾರಿ ಕೆಟ್ಟಿದ್ದರೆ ನಡುವೆಯೇ ಮುರಿಯುತ್ತದೆ ಎಂದು ಅವನು ಕೊಡುವ ಉಪಮೆ, ಕಾರಣವನ್ನು ಕಾಣದ ಲೋಕದಲ್ಲಿ ಅಲ್ಲದೆ ಹೊರೆಯಲ್ಲಿ, ದಾರಿಯಲ್ಲಿ ಹುಡುಕಲು ಕಲಿಸುತ್ತದೆ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಬುದ್ಧನೂ ನೋವಿನ ಎಂಟು ಕಾರಣಗಳನ್ನು ಎಣಿಸಿ, ಕರ್ಮವನ್ನು ಅವುಗಳಲ್ಲಿ ಒಂದು ಮಾತ್ರವೆಂದೂ ಹೊರಗಿನ ಪೆಟ್ಟು ಬೇರೆಯೇ ಕಾರಣವೆಂದೂ ಹೇಳುತ್ತಾನೆ.

ತೆರೆದ ಮುರಿತದಲ್ಲಿ ಪುರುಷಕಾರಕ್ಕೆ ಸಿಗುವ ಕಾಲ ಬಹಳ ಕಡಿಮೆ. ರಸ್ತೆಯ ಮಣ್ಣು, ಬಟ್ಟೆಯ ಚೂರು, ಅವುಗಳೊಂದಿಗೆ ರೋಗಾಣುಗಳು ಗಾಯದೊಳಗೆ ಹೋಗಿರುತ್ತವೆ. ಸತ್ತ ಸ್ನಾಯುವಿನಲ್ಲಿ ಅವು ಬೇಗ ಬೆಳೆಯುತ್ತವೆ. ಆದುದರಿಂದ ಸಾಧ್ಯವಾದರೆ ಗಂಟೆಯೊಳಗೇ ಆ್ಯಂಟಿಬಯಾಟಿಕ್ ಕೊಟ್ಟು, ಧನುರ್ವಾಯುವಿನ ಚುಚ್ಚುಮದ್ದು ಹಾಕಿ, ಶಸ್ತ್ರಕ್ರಿಯೆಯಲ್ಲಿ ಗಾಯವನ್ನು ತೊಳೆದು ಸತ್ತ ಭಾಗವನ್ನು ಕತ್ತರಿಸಿ ತೆಗೆದು, ಅನಂತರ ಮೂಳೆಯನ್ನು ಪ್ಲೇಟಿನಿಂದಲೋ ಒಳಗಿನ ರಾಡಿನಿಂದಲೋ ಹೊರಚೌಕಟ್ಟಿನಿಂದಲೋ ನಿಲ್ಲಿಸುತ್ತಾರೆ. ಗಾಯದ ಅಳತೆ, ಕೊಳೆ, ಮಾಂಸದ ನಾಶ ಇವುಗಳನ್ನು ನೋಡಿ ಮೂರು ದರ್ಜೆ ಮಾಡುವ ಪದ್ಧತಿಯನ್ನು ಗಸ್ಟಿಲೋ ಮತ್ತು ಆ್ಯಂಡರ್ಸನ್ 1976ರಲ್ಲಿ ಪ್ರಕಟಿಸಿದರು. ರೋಗಾಣುಗಳ ಅರಿವಿಲ್ಲದ ಕಾಲದಲ್ಲಿ ಇಂಥ ಗಾಯಕ್ಕೆ ಅನೇಕ ಸಲ ಅಂಗವನ್ನೇ ಕತ್ತರಿಸುತ್ತಿದ್ದರು. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಹನ್ನೊಂದು ವರ್ಷದ ಹುಡುಗನೊಬ್ಬನ ತೆರೆದ ಕಾಲುಮುರಿತಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ಕಾಲನ್ನು ಉಳಿಸಿದನು. ಅದಕ್ಕೆ ಮೊದಲು ಅಂಗ ಕಳೆದುಕೊಂಡವರೆಲ್ಲರ ಹಣೆಯಲ್ಲಿ ಒಂದೇ ಬರಹವಿತ್ತೆನ್ನುವುದಕ್ಕಿಂತ, ಮನುಷ್ಯರಿಗೆ ಒಂದು ತಿಳಿವಳಿಕೆ ಇನ್ನೂ ಬಂದಿರಲಿಲ್ಲವೆನ್ನುವುದೇ ಸರಿಯಾದೀತು.

ಪ್ರಯತ್ನವೂ ತಪ್ಪಬಲ್ಲದು, ಅದಕ್ಕೂ ಹೈದರಾಬಾದೇ ಸಾಕ್ಷಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ನೆರವಿನಿಂದ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ನಡೆಸಿದ ಕ್ಲೋರೋಫಾರ್ಮ್ ಆಯೋಗಗಳು, ಆ ಅರಿವಳಿಕೆಯ ಅಪಾಯವಿರುವುದು ಉಸಿರಾಟದಲ್ಲಿಯೇ ಹೊರತು ಹೃದಯದಲ್ಲಿ ಅಲ್ಲವೆಂದು ತೀರ್ಮಾನಿಸಿದವು. ಅದು ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲದೆಂದು ಮುಂದಿನ ಸಂಶೋಧನೆ ತೋರಿಸಿತು. ಹೀಗೆ ತಪ್ಪನ್ನು ತಿದ್ದಿಕೊಳ್ಳುವುದೂ ಪುರುಷಕಾರದ ಭಾಗವೇ.

ನಗರದಲ್ಲಿ ಇಂದಿಗೂ ಮೂಳೆ ಕೂಡಿಸುವ ಪೈಲ್ವಾನರೂ, ಆಂಧ್ರದ ಪುತ್ತೂರಿನ ಹೆಸರಿನ ಕಟ್ಟು ಹಾಕುವವರೂ ಇದ್ದಾರೆ, ಅವರ ಮೇಲೆ ಜನರಿಗೆ ನಂಬಿಕೆಯೂ ಇದೆ. ಚರ್ಮ ಹರಿಯದ ಮುರಿತದ ಮಾತು ಬೇರೆ. ತೆರೆದ ಗಾಯದ ಮೇಲೆ ಸೊಪ್ಪಿನ ಲೇಪ ಹಚ್ಚಿ ಬಿಗಿಯಾಗಿ ಕಟ್ಟಿದರೆ ಒಳಗಿನ ಕೀವಿಗೆ ದಾರಿಯಿರುವುದಿಲ್ಲ, ಬಿಗಿತಕ್ಕೆ ರಕ್ತಸಂಚಾರವೂ ನಿಲ್ಲಬಹುದು. ಇದನ್ನು ಸಂಪ್ರದಾಯದ ವಿರುದ್ಧದ ಮಾತೆಂದು ತಿಳಿಯಬೇಕಾಗಿಲ್ಲ. ಗಾಯಸಹಿತವಾದ ಮುರಿತವನ್ನು ಸುಶ್ರುತನು ಸವ್ರಣ ಭಗ್ನವೆಂದು ಪ್ರತ್ಯೇಕಿಸಿ, ಮೊದಲು ತುಪ್ಪ, ಜೇನು, ಕಷಾಯಗಳಿಂದ ವ್ರಣವನ್ನು ಉಪಚರಿಸಿ ಆಮೇಲೆ ಭಗ್ನದ ಚಿಕಿತ್ಸೆ ಮಾಡಬೇಕೆಂದು ವಿಧಿಸಿದ್ದಾನೆ.

ಇಸ್ಲಾಮಿನ ನಿಲುವೂ ಇದಕ್ಕೆ ಹತ್ತಿರದ್ದು. ದೇವರು ಮದ್ದಿಲ್ಲದ ರೋಗವನ್ನು ಇಳಿಸಲಿಲ್ಲವೆಂಬ ಅರ್ಥದ ಹದೀಸನ್ನು ಬುಖಾರಿಯವರ ಸಂಗ್ರಹ ದಾಖಲಿಸಿದೆ. ಮುರಿದ ಅಂಗಕ್ಕೆ ಕಟ್ಟಿದ ದಬ್ಬೆಗೆ ಧರ್ಮಶಾಸ್ತ್ರದಲ್ಲಿ ಜಬೀರಾ ಎಂಬ ಹೆಸರಿದ್ದು, ನಮಾಜಿಗೆ ಮುಂಚಿನ ಅಂಗಶುದ್ಧಿಯಲ್ಲಿ ಅದನ್ನು ಬಿಚ್ಚದೆ ಅದರ ಮೇಲೆಯೇ ಒದ್ದೆಯ ಕೈ ಸವರಿದರೆ ಸಾಕೆಂಬ ವಿನಾಯಿತಿಯಿದೆ. ಮೂಳೆ ಅಲುಗದಿರಲೆಂದು ಆರಾಧನೆಯ ನಿಯಮವೇ ಬಾಗುತ್ತದೆ ಎಂದರೆ ಚಿಕಿತ್ಸೆಯನ್ನು ಭಕ್ತಿಯ ಎದುರಾಳಿಯೆಂದು ಕಾಣಲು ಆಧಾರ ಉಳಿಯುವುದಿಲ್ಲ.

ಹಾಗಾದರೆ ಒಪ್ಪಿಸಿಕೊಳ್ಳುವ ಗುಣಕ್ಕೆ, ಅಂದರೆ ಸಹನೆಗೆ, ಸಬರ್‌ಗೆ ಸ್ಥಾನವಿಲ್ಲವೇ? ಇದೆ, ಆದರೆ ಅದು ಬರುವುದು ಶಸ್ತ್ರಕ್ರಿಯೆಯ ಅನಂತರ. ಮೇಲ್ತೋಳಿನ ಮೂಳೆಯ ಹಿಂಬದಿಯನ್ನು ಬಳಸಿ ಹೋಗುವ ರೇಡಿಯಲ್ ನರ ಪೆಟ್ಟು ತಿಂದರೆ ಮಣಿಕಟ್ಟು ಜೋತುಬೀಳುತ್ತದೆ, ಬೆರಳು ನೆಟ್ಟಗಾಗುವುದಿಲ್ಲ. ಗಾಯ ತೊಳೆಯುವಾಗಲೇ ವೈದ್ಯರು ಆ ನರವನ್ನು ನೋಡುತ್ತಾರೆ. ಅದು ಹರಿದಿದ್ದರೆ ಜೋಡಿಸುವ ಉಪಾಯವಿದೆ, ಬರಿಯ ಜಜ್ಜಿದ್ದರೆ ಕಾಯುವುದೇ ಮದ್ದು. ಮತ್ತೆ ಬೆಳೆಯುವ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟೇ ಮುಂದೆ ಸಾಗುವುದರಿಂದ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೂಳೆ ಕೂಡಲೂ ತಿಂಗಳುಗಳು ಬೇಕು. ಆ ಕಾಲವನ್ನು ಯಾರೂ ಕಡಿಮೆ ಮಾಡಲಾರರು. ರೋಗಿಯ ಪಾಲಿಗೆ ಉಳಿಯುವುದು ಬೆರಳುಗಳ ವ್ಯಾಯಾಮ, ಬೀಡಿ–ಸಿಗರೇಟಿನ ತ್ಯಾಗ ಮತ್ತು ಕಾಯುವಿಕೆ. ದೈವದ ಮಾತಿಗೆ ನಿಜವಾದ ಅರ್ಥ ಬರುವುದು ಇಲ್ಲಿ. ಮೊದಲ ಗಂಟೆಗಳಲ್ಲಿ ಆ ಮಾತನ್ನಾಡುತ್ತ ಕೂತರೆ ಅದು ಸೋಮಾರಿತನಕ್ಕೆ ತೊಡಿಸಿದ ಧರ್ಮದ ವೇಷವಾಗುತ್ತದೆ.

ಹೈದರಾಬಾದಿನಲ್ಲಿ ಇಂಥ ಗಾಯವನ್ನು ಕಂಡವರು ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳದೆ, ಶುಭ್ರವಾದ ಬಟ್ಟೆ ಮುಚ್ಚಿ, ತೋಳು ಅಲುಗದಂತೆ ಎದೆಗೆ ಆನಿಸಿ ಕಟ್ಟಿ, 2005ರಲ್ಲಿ ಇದೇ ನಗರದಿಂದ ಆರಂಭವಾದ 108ರ ಆಂಬುಲೆನ್ಸನ್ನು ಕರೆಯಬೇಕು. ಅಪಘಾತದ ಗಾಯಾಳುವಿಗೆ ಸದ್ಭಾವದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಕಾನೂನಿನ ರಕ್ಷಣೆ ಕೊಟ್ಟಿದೆ.